ಎರಡನೇ ನೆಟಿಕೆ

ನನ್ನ ಅಪ್ಪ ಈಗ ಯಾರ ತಲೆಯನ್ನೂ ತಿರುಗಿಸುವುದಿಲ್ಲ. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರು ಕನ್ನಡಿಯನ್ನು ನೆಟ್ಟಗೆ ನೋಡುತ್ತ ಕೂತೇ ಇರಬಹುದು. ಬಲಗೆನ್ನೆ ಮುಗಿದ ಮೇಲೆ ಎಡಗೆನ್ನೆಗೆ ಅಪ್ಪನೇ ಸುತ್ತಿ ಬರುತ್ತಾನೆ. ಅಂಗಡಿ ಇಕ್ಕಟ್ಟಿನದು. ಕುರ್ಚಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹೊಟ್ಟೆಯನ್ನು ಒಳಗೆಳೆದುಕೊಂಡು, ಕತ್ತಿಯನ್ನು ಎದೆಯ ಎತ್ತರಕ್ಕೆ ಹಿಡಿದು, ಅಡ್ಡಡ್ಡ ಜರುಗುತ್ತ ದಾಟುತ್ತಾನೆ. ಅವನ ಬೆನ್ನು ತಿಕ್ಕಿ ತಿಕ್ಕಿ ಗೋಡೆಯ ಸುಣ್ಣದ ಮೇಲೊಂದು ಮಾಸಲು ಪಟ್ಟಿ ಮೂಡಿದೆ.

"ಏನ್ ಗುರುವೇ, ನನಗೇ ಪ್ರದಕ್ಷಿಣೆ ಹಾಕ್ತಿದ್ದೀಯಲ್ಲ?" ಎಂದು ಎದುರಿನ ಸೈಕಲ್ ಶಾಪಿನವನು ನೊರೆ ಮೆತ್ತಿದ ಮುಖದಲ್ಲೇ ಕೇಳುತ್ತಾನೆ. "ಹಾಗೇ ಕೈ ಮುಗಿದು ವರ ಕೇಳ್ಕೋ. ಕೊಟ್ಟುಬಿಡ್ತೀನಿ."

ಅಪ್ಪ ಕನ್ನಡಿಯೊಳಗೆ ಸಣ್ಣಗೆ ನಗುತ್ತಾನೆ. ಮೊದಲಾಗಿದ್ದರೆ ಆ ಮಾತು ನೆಲಕ್ಕೆ ಬೀಳುವ ಮುಂಚೆಯೇ ಅದಕ್ಕೊಂದು ಉತ್ತರ ಸಿಕ್ಕಿರುತ್ತಿತ್ತು.

ಬೀದಿಯವರೆಲ್ಲ ಅಪ್ಪನನ್ನು ಕರೆಯುತ್ತಿದ್ದದ್ದೇ 'ನೆಟಿಕೆ' ಎಂದು. ನಾನು ನೆಟಿಕೆಯ ಮಗಳು. ಕ್ಷೌರ ಮುಗಿದು, ಕೊರಳಿನ ಬಟ್ಟೆ ಬಿಚ್ಚಿ ಕೊಡವಿದ ಮೇಲೆ, ಅಪ್ಪ ಗಿರಾಕಿಯ ಹಿಂದೆ ನಿಂತು ಒಂದು ಅಂಗೈಯಲ್ಲಿ ಗದ್ದವನ್ನೂ ಇನ್ನೊಂದರಲ್ಲಿ ತಲೆಯ ಹಿಂಭಾಗವನ್ನೂ ಹಿಡಿದು ಕತ್ತನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಫಕ್ಕನೆ ತಿರುಗಿಸುತ್ತಿದ್ದ. ಲಟಕ್ ಎಂದು ಶಬ್ದ ಬರುತ್ತಿತ್ತು. ಗಿರಾಕಿ ಅರ್ಧ ಕಣ್ಣು ಮುಚ್ಚಿ 'ಹಾ' ಎಂದು ಉಸಿರು ಬಿಡುತ್ತಿದ್ದ. ಬೇರೆ ಅಂಗಡಿಗಳಲ್ಲಿ ಫ್ಯಾನು, ಮೆತ್ತನೆ ಸೀಟು, ಬಣ್ಣದ ಬಾಟಲಿಗಳು ಇದ್ದವು. ನಮ್ಮಲ್ಲಿದ್ದದ್ದು ಆ ಶಬ್ದ.

ಅದನ್ನು ಕಲಿಸಿದ್ದು ಅಜ್ಜ. ಕಲಿಸುವಾಗ ಒಂದು ಮಾತನ್ನೂ ಹೇಳಿಕೊಟ್ಟಿದ್ದ: "ನಕ್ಕವನ ಕತ್ತು ಬೆಣ್ಣೆ, ಬಿಗಿದವನ ಕತ್ತು ಕೊರಡು. ಕೊರಡಿಗೆ ಕೈ ಹಾಕಬೇಡ." ಅಪ್ಪ ಜೋಕು ಹೇಳುವುದನ್ನು ಕಲಿತದ್ದು ಹಾಗೆ. ಗದ್ದಕ್ಕೆ ಕೈ ಹಾಕುತ್ತಲೇ ಶುರು ಮಾಡುತ್ತಿದ್ದ. "ಒಬ್ಬ ಬೋಳುತಲೆಯವನು ಬಂದು ಇದೇ ಕುರ್ಚೀಲಿ ಕೂತ. ಎಲ್ಲ ಆದಮೇಲೆ ಕನ್ನಡಿ ನೋಡ್ಕೊಂಡು, 'ಏನಯ್ಯಾ, ನನ್ನ ಕೂದಲೆಲ್ಲ ಎಲ್ಲಿ?' ಅಂದ. ನಾನಂದೆ, 'ಸ್ವಾಮೀ, ಮನೇಲೇ ಬಿಟ್ಟು ಬಂದಿರಬೇಕು, ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ.'" ಗಿರಾಕಿಯ ಹೊಟ್ಟೆ ಕುಲುಕಿ ಹೆಗಲು ಸಡಿಲಾಗುವ ಹೊತ್ತಿಗೆ ಸರಿಯಾಗಿ ಲಟಕ್.

ಮನೆಯಲ್ಲೂ ಊಟದ ಹೊತ್ತಿಗೆ ಹೊಸ ಜೋಕುಗಳ ಪರೀಕ್ಷೆ ನಡೆಯುತ್ತಿತ್ತು. ಅಮ್ಮ ನಗದಿದ್ದರೆ ಆ ಜೋಕು ಅಂಗಡಿಗೆ ಹೋಗುತ್ತಿರಲಿಲ್ಲ. "ನಿಮ್ಮ ಜೋಕಿಗೆ ನಗೋದಕ್ಕಿಂತ ಪಾತ್ರೆ ತಿಕ್ಕೋದು ಸುಲಭ ಕಣ್ರೀ" ಎನ್ನುತ್ತಲೇ ಅವಳು ನಗುತ್ತಿದ್ದಳು.

ಡ್ರಿಲ್ ಮೇಷ್ಟ್ರು ಮಾತ್ರ ನಗುವವರಲ್ಲ. ಅಪ್ಪನಿಗೆ ಶಾಲೆಯಲ್ಲಿ ಕವಾಯತು ಕಲಿಸಿದವರು. ಅವರು 'ಬಲಕ್ಕೆ ತಿರುಗ್' ಎಂದರೆ ಮೈದಾನದ ಆ ತುದಿಯ ಸಾಲೂ ತಿರುಗುತ್ತಿತ್ತಂತೆ, ಬೇಲಿಯಾಚೆ ಹೋಗುತ್ತಿದ್ದ ಹಾಲಿನವನೂ ತಿರುಗುತ್ತಿದ್ದನಂತೆ. ನಿವೃತ್ತರಾದ ಮೇಲೂ ಬೆನ್ನು ಬಾಗಿರಲಿಲ್ಲ. ಕಟಿಂಗಿಗೆ ನಮ್ಮ ಅಂಗಡಿಗೇ ಬರುತ್ತಿದ್ದರು. ಆದರೆ ಒಮ್ಮೆಯೂ ಕತ್ತು ಕೊಟ್ಟವರಲ್ಲ. "ನನ್ನ ಕತ್ತು ನಾನೇ ತಿರುಗಿಸ್ಕೊಳ್ತೀನಿ ಹೋಗೋ" ಎಂದು ಎದ್ದುಬಿಡುತ್ತಿದ್ದರು.

ಅವತ್ತು ಅಂಗಡಿಯ ಬೆಂಚು ತುಂಬಿತ್ತು. ಸೈಕಲ್ ಶಾಪಿನವನೂ ಇದ್ದ. ಮುಂದಿನದನ್ನೆಲ್ಲ ನಾನು ಅಪ್ಪನ ಬಾಯಿಂದಲೇ ಕೇಳಿದ್ದು, ಅದೂ ತುಂಡು ತುಂಡಾಗಿ.

"ಮೇಷ್ಟ್ರೇ, ಇವತ್ತಾದರೂ ಒಂದು ನೆಟಿಕೆ ತೆಗೆಸ್ಕೊಳ್ಳಿ. ಇಲ್ಲಾಂದ್ರೆ ನೀವು ಹೆದರಿದ್ರಿ ಅಂತ ಬೀದಿಯೆಲ್ಲ ಹೇಳ್ಕೊಂಡು ಬರ್ತೀನಿ" ಎಂದ ಸೈಕಲ್ ಶಾಪಿನವನು.

"ಯಾರೋ ಹೆದರಿದ್ದು? ತೆಗೆಯೋ, ನೋಡೇಬಿಡೋಣ" ಎಂದರು ಮೇಷ್ಟ್ರು.

ಅಪ್ಪ ಬೋಳುತಲೆಯ ಜೋಕು ಹೇಳಿದ. ಬೆಂಚು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಇದನ್ನ ನೀನು ಶಾಲೇಲೇ ಹೇಳಿದ್ದೆ ಕಣೋ" ಎಂದರು. ಅಂಗೈಯೊಳಗೆ ಕತ್ತು ಬಿಗಿದೇ ಇತ್ತು. ಆದರೂ ಅಪ್ಪ ತಿರುಗಿಸಿದ. ಶಬ್ದ ಬರಲಿಲ್ಲ.

"ಸೋತ! ನೆಟಿಕೆ ಸೋತ! ಮೇಷ್ಟ್ರ ಕತ್ತು ಗೆದ್ದಿತು!" ಬೆಂಚಿನವರು ತೊಡೆ ತಟ್ಟಿಕೊಂಡು ನಕ್ಕರು.

"ಸಾಕು ಬಿಡೋ" ಎಂದರು ಮೇಷ್ಟ್ರು.

ಅಪ್ಪ ಕೈ ಬಿಡಲಿಲ್ಲ. ಗದ್ದದ ಹಿಡಿತವನ್ನು ಇನ್ನಷ್ಟು ತುದಿಗೆ ಸರಿಸಿ, ಕಾಲು ಊರಿ, ಬಲಕ್ಕೆ ಇನ್ನೊಮ್ಮೆ ತಿರುಗಿಸಿದ. ಶಬ್ದ ಬಂತು. ಅಂಗಡಿಯ ಹೊರಗೂ ಕೇಳಿಸುವಂತೆ ಬಂತು. ಬೆಂಚಿನವರು ಚಪ್ಪಾಳೆ ಹೊಡೆದರು. ಮೇಷ್ಟ್ರು ಕತ್ತಿನ ಹಿಂದೆ ಕೈಯಿಟ್ಟುಕೊಂಡು ಎದ್ದು ಹೋದರು.

ಮರುದಿನ ಬೆಳಿಗ್ಗೆ ಅವರು ಬಚ್ಚಲುಮನೆಯಲ್ಲಿ ಎಡಕ್ಕೆ ವಾಲಿ ಬಿದ್ದರು. ಆಸ್ಪತ್ರೆಯಿಂದ ಬಂದಾಗ ಕೈಯಲ್ಲಿ ಕೋಲು ಇತ್ತು. ಮಿದುಳಿನ ಹಿಂಭಾಗಕ್ಕೆ ರಕ್ತ ಹೋಗುವುದು ಸ್ವಲ್ಪ ಹೊತ್ತು ನಿಂತಿತ್ತಂತೆ. ಬಿಪಿ ಇದ್ದದ್ದರಿಂದ ಮನೆಯವರು ಬಿಪಿಯನ್ನೇ ದೂರಿದರು. ಕತ್ತಿಗೇನಾದರೂ ಪೆಟ್ಟು ಬಿದ್ದಿತ್ತೇ ಎಂದು ಡಾಕ್ಟರು ಕೇಳಿದ್ದಕ್ಕೆ ಮೇಷ್ಟ್ರ ಹೆಂಡತಿ ಇಲ್ಲ ಎಂದಿದ್ದರು. ಅವರಿಗೆ ಗೊತ್ತಿರಲಿಲ್ಲ. ಕ್ಷೌರವನ್ನು ಯಾರು ಪೆಟ್ಟು ಎನ್ನುತ್ತಾರೆ?

ಸುದ್ದಿ ತಿಳಿದ ದಿನ ಅಪ್ಪ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಆ ವಾರದಿಂದ ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಮೇಷ್ಟ್ರ ಮನೆಗೇ ಹೋಗಿ ಕ್ಷೌರ ಮಾಡಿ ಬರತೊಡಗಿದ. ದುಡ್ಡು ಮುಟ್ಟಲಿಲ್ಲ.

ನನ್ನನ್ನೂ ಕರೆದೊಯ್ಯುತ್ತಿದ್ದ. ಮೇಷ್ಟ್ರ ಕಣ್ಣು ನಿಲ್ಲುತ್ತಿರಲಿಲ್ಲ, ಪೇಪರ್ ಓದಲು ಆಗುತ್ತಿರಲಿಲ್ಲ. "ಅಕ್ಷರಗಳು ಸಾಲು ಬಿಟ್ಟು ಓಡಾಡ್ತವೆ ಕಣಮ್ಮ. ಒಂದಕ್ಕೂ ಶಿಸ್ತಿಲ್ಲ" ಎನ್ನುತ್ತಿದ್ದರು. ದನಿ ಒಡೆದು, ಬಟ್ಟೆ ಹರಿದ ಹಾಗೆ ಬರುತ್ತಿತ್ತು. ಮೈದಾನ ದಾಟುತ್ತಿದ್ದ ಗಂಟಲು ಈಗ ಕೋಣೆಯ ಬಾಗಿಲನ್ನೂ ದಾಟುತ್ತಿರಲಿಲ್ಲ. ನಾನು ಪೇಪರ್ ಓದುತ್ತಿದ್ದೆ, ಅಪ್ಪ ಕ್ಷೌರ ಮಾಡುತ್ತಿದ್ದ, ಮೇಷ್ಟ್ರ ಹೆಂಡತಿ ಟೀ ತರುತ್ತಿದ್ದರು. ನಾನು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ.

"ಹೆತ್ತ ಮಗ ಫೋನಲ್ಲೇ ವಿಚಾರಿಸ್ಕೊಳ್ತಾನೆ. ಇವನು ನೋಡು, ಯಾವ ಜನ್ಮದ ಋಣವೋ" ಎಂದು ದೊಡ್ಡಮ್ಮ ಬಂದವರಿಗೆಲ್ಲ ಅಪ್ಪನನ್ನು ತೋರಿಸುತ್ತಿದ್ದರು. "ಇಂಥವರು ಇರೋದಕ್ಕೇ ಕಣಮ್ಮ, ಮಳೆ ಬೆಳೆ ಆಗೋದು."

ಆ ಮಾತು ಬಂದಾಗಲೆಲ್ಲ ಅಪ್ಪ ಬ್ರಷ್ಷನ್ನು ಬಟ್ಟಲಿನಲ್ಲಿ ಅಗತ್ಯಕ್ಕಿಂತ ಜಾಸ್ತಿ ತಿರುಗಿಸುತ್ತಿದ್ದ. ನೊರೆ ಬಟ್ಟಲು ಮೀರಿ ಅವನ ಮಣಿಕಟ್ಟಿಗೆ ಇಳಿಯುತ್ತಿತ್ತು. ಟೀ ಮಾತ್ರ ಪ್ರತಿಸಲವೂ ಪೂರ್ತಿ ಕುಡಿಯುತ್ತಿದ್ದ. ಬಿಟ್ಟರೆ ಯಾಕೆಂದು ಕೇಳುತ್ತಾರಲ್ಲ.

ನಮ್ಮ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ತರಗತಿಯಲ್ಲಿದ್ದೆ. ಆ ವರ್ಷ ಮೇಡಂ ಮೈಯ ಚಲನೆಯ ಪಾಠ ಎತ್ತಿಕೊಂಡಿದ್ದರು. ಮನುಷ್ಯ ನೆಟ್ಟಗೆ ನಡೆದು ಹೋದರೂ ಒಳಗೆ ನಡೆಯುವುದೆಲ್ಲ ತಿರುಗುವಿಕೆಯೇ ಎಂದರು ಅವರು. ಸೊಂಟ ಒಂದಿಷ್ಟು ಕೋನ ತಿರುಗುತ್ತದೆ, ಮಂಡಿ ಒಂದಿಷ್ಟು, ಪಾದದ ಕೀಲು ಒಂದಿಷ್ಟು. ಎಲ್ಲ ಸೇರಿ ಒಂದು ಹೆಜ್ಜೆ. ನನಗೆ ಅದು ಎಷ್ಟು ಹಿಡಿಸಿತೆಂದರೆ ಅವತ್ತು ಮನೆಯವರೆಗೂ ನನ್ನ ಮಂಡಿಗಳನ್ನೇ ನೋಡಿಕೊಂಡು ನಡೆದೆ. ಮರುದಿನ ಮೇಡಂ ಬಾಗಿಲಿನ ಹತ್ತಿರ ಹೋಗಿ ನಿಂತರು. ಕೀಲಿನ ಪಕ್ಕ ಬೆರಳಿಟ್ಟು ತಳ್ಳಿದರು, ಬಾಗಿಲು ಕದಲಲಿಲ್ಲ. ಹಿಡಿಯ ಹತ್ತಿರ ಅದೇ ಬೆರಳಿಟ್ಟರು, ತೆರೆದುಕೊಂಡಿತು. "ಕೀಲಿನಿಂದ ದೂರ ಹೋದಷ್ಟೂ ಸಣ್ಣ ಬಲವೂ ದೊಡ್ಡದಾಗುತ್ತೆ. ಕತ್ತಿಗೆ ಗದ್ದ ಹೀಗೇ, ಬಾಗಿಲಿನ ಹಿಡಿ ಇದ್ದ ಹಾಗೆ. ಅದಕ್ಕೇ ಯಾರಾದರೂ ಗದ್ದ ಹಿಡಿದು ಫಕ್ಕನೆ ತಿರುಗಿಸೋಕೆ ಬಂದರೆ ಬೇಡ ಅನ್ನಿ."

ಹಿಂದಿನ ಬೆಂಚಿನಲ್ಲಿ ಯಾರೋ ನನ್ನತ್ತ ನೋಡಿ ಕಿಸಕ್ಕೆಂದರು. ನಾನು ಪುಸ್ತಕದ ಮೇಲೆ ಬಾಗಿದೆ.

ಮನೆಯಲ್ಲಿ ನಾನಾಗಿ ಏನೂ ಹೇಳಲಿಲ್ಲ. ಅಪ್ಪನೇ ಕೇಳಿದ. ಹಿತ್ತಿಲಲ್ಲಿ ಟವೆಲ್ ಒಣಹಾಕುತ್ತಿದ್ದವನು ಬೆನ್ನು ಹಾಕಿಕೊಂಡೇ ಕೇಳಿದ: "ಪುಟ್ಟೀ, ನಿಮ್ಮ ಕಾಲೇಜಲ್ಲಿ ಕತ್ತಿನ ಬಗ್ಗೆ ಏನಾದ್ರೂ ಹೇಳ್ಕೊಡ್ತಾರಾ?"

ಮೇಷ್ಟ್ರ ವಿಷಯವನ್ನೆಲ್ಲ ನಾನು ಹೇಳಿದ ಮೇಲೆ, ಅಪ್ಪನಿಗೆ ಕತ್ತಿನ ಮೂಳೆ ತೋರಿಸಿ ವಿವರಿಸಲು ಮೇಡಂ ಒಪ್ಪಿದರು. ಮಧ್ಯಾಹ್ನ ತರಗತಿಗಳಿಲ್ಲದ ಹೊತ್ತಿನಲ್ಲಿ ಅಪ್ಪ ಒಗೆದ ಶರ್ಟು ಹಾಕಿಕೊಂಡು ಬಂದ. ಲ್ಯಾಬಿನ ಮೂಲೆಯಲ್ಲಿ ಕಬ್ಬಿಣದ ಕೊಕ್ಕೆಗೆ ಅಸ್ಥಿಪಂಜರ ತೂಗುಹಾಕಿತ್ತು. ಅಟೆಂಡರು ಅಪ್ಪನ ಗುರುತು ಹಿಡಿದು, "ಬಾಪ್ಪ ನೆಟಿಕೆ, ಇವನಿಗೂ ಒಂದು ಕಟಿಂಗ್ ಮಾಡಿಬಿಡು" ಎಂದ. ಅಪ್ಪ ನಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತ.

ಮೇಡಂ ಮೇಲಿನ ಎರಡು ಮೂಳೆಗಳನ್ನು ತೋರಿಸಿದರು. ಮೊದಲನೆಯದು ಬಳೆಯ ಹಾಗೆ, ಅದರ ಮೇಲೆ ತಲೆ ಕೂತಿದೆ. ಎರಡನೆಯದರಿಂದ ಒಂದು ಗೂಟ ಮೇಲೆದ್ದು ಆ ಬಳೆಯೊಳಗೆ ನಿಂತಿದೆ. ನಾವು ಹಿಂದಿರುಗಿ ನೋಡುವುದರಲ್ಲಿ ಹೆಚ್ಚು ಕಡಿಮೆ ಅರ್ಧ ನಡೆಯುವುದು ಅಲ್ಲೇ.

"ಬೀಸೋ ಕಲ್ಲಿನ ಗೂಟ ಇದ್ದ ಹಾಗಿದೆ" ಎಂದ ಅಪ್ಪ ಮೆಲ್ಲಗೆ.

"ಹೌದು. ಆದರೆ ಪಕ್ಕದಲ್ಲಿ ನೋಡಿ." ಮೂಳೆಯ ಎರಡೂ ಬದಿಯ ತೂತುಗಳಲ್ಲಿ ಕೆಂಪು ರಬ್ಬರ್ ನಳಿಕೆ ಪೋಣಿಸಿತ್ತು. "ಮಿದುಳಿಗೆ ರಕ್ತ ಹೋಗುವ ನಾಳ. ತಲೆ ಬಲಕ್ಕೆ ತಿರುಗಿದರೆ ಎಡಗಡೆಯದು ಜಗ್ಗುತ್ತೆ. ನಾವಾಗಿ ನಿಧಾನವಾಗಿ ತಿರುಗಿದಾಗ ತಡ್ಕೊಳ್ಳುತ್ತೆ. ಮಿತಿಗೆ ಹೋದ ಮೇಲೂ ಬೇರೆಯವರು ಜೋರಾಗಿ ತಿರುಗಿಸಿದರೆ ಒಳಪದರ ಸೀಳಬಹುದು."

"ಮತ್ತೆ ಆ ಶಬ್ದ?"

"ಕೀಲಿನ ದ್ರವದಲ್ಲಿ ಗಾಳಿಗುಳ್ಳೆ. ಅಷ್ಟೇ. ಬಂದರೂ ಒಳ್ಳೇದಾಯ್ತು ಅಂತಲ್ಲ, ಬರದಿದ್ದರೂ ಕೆಟ್ಟದಾಯ್ತು ಅಂತಲ್ಲ."

ಅಪ್ಪ ಬೆರಳ ತುದಿಯಿಂದ ಬುರುಡೆಯ ಗದ್ದವನ್ನು ಮುಟ್ಟಿ ಬಲಕ್ಕೆ ಸರಿಸಿದ. ಎಡಗಡೆಯ ಕೆಂಪು ನಳಿಕೆ ಬಿಗಿದು ತೆಳ್ಳಗಾಯಿತು. ತಟ್ಟನೆ ಕೈ ತೆಗೆದ.

"ಮೇಡಂ, ನನ್ನಿಂದಲೇ ಆಯ್ತಾ?"

ಮೇಡಂ ಬುರುಡೆಯನ್ನು ಮೊದಲಿನ ಹಾಗೆ ನೇರಕ್ಕೆ ತಿರುಗಿಸಿಟ್ಟರು. "ಖಂಡಿತ ಅಂತ ಯಾರೂ ಹೇಳೋಕಾಗಲ್ಲ. ಆಗಿರಬಹುದು. ವಯಸ್ಸು, ಬಿಪಿ, ಅವೂ ಇವೆ. ಎಷ್ಟೋ ಜನಕ್ಕೆ ಏನೂ ಆಗಲ್ಲ. ಯಾವನೋ ಒಬ್ಬನಿಗೆ ಆಗುತ್ತೆ."

ಅಮ್ಮ ಆ 'ಯಾರೂ ಹೇಳೋಕಾಗಲ್ಲ'ವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಕೇಳಿದ್ರಲ್ಲ? ಓದಿದವರೇ ಗೊತ್ತಿಲ್ಲ ಅಂದಮೇಲೆ ನೀವ್ಯಾಕೆ ತಲೆ ಮೇಲೆ ಚಪ್ಪಡಿ ಎಳ್ಕೊಳ್ತೀರಿ? ಅಂಗಡಿಗೆ ಒಬ್ಬರು ಬರಲ್ಲ ಆಮೇಲೆ. ಆ ಮನೆಯವರು ನಿಮ್ಮನ್ನ ದೇವರ ಹಾಗೆ ನೋಡ್ತಿದ್ದಾರೆ. ಅದನ್ನೂ ಕಳ್ಕೊಳ್ತೀರಿ."

"ಅದಕ್ಕೇ ಕಣೇ" ಎಂದ ಅಪ್ಪ.

ಅವತ್ತಿನಿಂದ ಅಪ್ಪ ಕುರ್ಚಿಯ ಸುತ್ತ ಸುತ್ತತೊಡಗಿದ. ನೆಟಿಕೆ ಕೇಳಿದವರಿಗೆ ಮುಂಗೈ ಉಳುಕಿದೆ ಎಂದ. ಉಳುಕು ಎಷ್ಟು ದಿನ ಇರುತ್ತದೆ? ನರ ಹಿಡಿದಿದೆ ಎಂದ. ಆಮೇಲೆ ವೈದ್ಯರು ಬೇಡ ಎಂದಿದ್ದಾರೆ ಎಂದ, ಯಾವ ವೈದ್ಯರು ಎಂದು ಹೇಳದೆ. ಜೋಕುಗಳೂ ನಿಂತವು. ನಗಿಸುವುದೂ ಕತ್ತು ತಿರುಗಿಸುವುದೂ ಅವನಿಗೆ ಒಂದೇ ಕೆಲಸವಾಗಿತ್ತು. ಊಟದ ಹೊತ್ತಿನಲ್ಲಿ ತಟ್ಟೆ ಲೋಟಗಳ ಸದ್ದು ಮಾತ್ರ. ಒಂದು ದಿನ ಅಮ್ಮ ತಾನೇ ಒಂದು ಜೋಕು ಹೇಳಲು ಹೋಗಿ, ಕೊನೆ ಮರೆತು, ಎದ್ದು ಒಳಗೆ ಹೋದಳು.

ಅದು ಹೇಗೆ ಮುಗಿಯುತ್ತಿತ್ತೋ ಗೊತ್ತಿಲ್ಲ, ಆ ಭಾನುವಾರ ಕತ್ತಿ ಜಾರದೆ ಇದ್ದಿದ್ದರೆ.

ಮೇಷ್ಟ್ರ ಮನೆಯ ನಡುಕೋಣೆಯಲ್ಲಿ ಕಿಟಕಿಯ ಪಕ್ಕ ಕುರ್ಚಿ. ನಾನು ಎದುರಿಗೆ ಸ್ಟೂಲಿನ ಮೇಲೆ ಕೂತು ಕ್ರೀಡಾಪುಟ ಓದುತ್ತಿದ್ದೆ. ಅಪ್ಪ ಎಡಗೆನ್ನೆಗೆ ಸುತ್ತಿ ಬಂದಿದ್ದ. ದೊಡ್ಡಮ್ಮ ಟೀ ಹಿಡಿದು ಬರುತ್ತ, "ನಿನ್ನಂಥ ಮಗ ನನ್ನ ಹೊಟ್ಟೇಲಿ ಹುಟ್ಟಬೇಕಿತ್ತು ಕಣಪ್ಪ" ಎಂದರು. ಅಪ್ಪನ ಕತ್ತಿ ಜಾರಿತು. ದವಡೆಯ ಅಂಚಿನಲ್ಲಿ ಕೆಂಪು ಗೆರೆ ಎದ್ದು, ನೊರೆಯೊಳಗೆ ಇಳಿಯಿತು.

ಮೇಷ್ಟ್ರು ಕದಲಲಿಲ್ಲ. "ಆಮೇಲೆ? ಯಾರು ಗೆದ್ದರಂತೆ?" ಎಂದು ನನ್ನನ್ನು ಕೇಳುತ್ತಿದ್ದರು.

ಅಪ್ಪ ಪೆಟ್ಟಿಗೆಯಿಂದ ಪಟಿಕದ ಕಲ್ಲು ತೆಗೆದು ಗಾಯಕ್ಕೆ ಒತ್ತಿದ. ಆ ಉರಿಗೆ ಎಂಥ ಗಟ್ಟಿಗನೂ ಹಲ್ಲು ಕಚ್ಚಿ ಅಪ್ಪನ ವಂಶವನ್ನು ನೆನೆಯುತ್ತಾನೆ. ಮೇಷ್ಟ್ರ ಕಣ್ಣು ಕೂಡ ಮಿಟುಕಲಿಲ್ಲ.

"ಮೇಷ್ಟ್ರೇ, ಉರೀತಿಲ್ವಾ?"

"ಏನು ಉರಿಯೋದು? ಓ, ಆ ಕೆನ್ನೇನಾ? ಮುಟ್ಟಿದ್ದು ಗೊತ್ತಾಗುತ್ತೆ. ನೋವು, ಬಿಸಿ, ಯಾವುದೂ ಗೊತ್ತಾಗಲ್ಲ ಕಣೋ. ಬಿದ್ದ ದಿನದಿಂದ ಹಾಗೇ. ನಿನಗೆ ಹೇಳಿರ್ಲಿಲ್ವಾ?"

ಇಷ್ಟು ಭಾನುವಾರ ಆ ಕೆನ್ನೆಗೆ ಅಪ್ಪ ನೀರನ್ನು ಹದ ನೋಡಿ ಬೆಚ್ಚಗೆ ಮಾಡಿ ಹಚ್ಚಿದ್ದ.

ಅವನು ಕತ್ತಿ ಮಡಚಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಕುರ್ಚಿಯ ಮುಂದೆ ಬಂದು ನಿಂತ. ಶಾಲೆಯ ಹುಡುಗನ ಹಾಗೆ ಕೈಗಳು ತಾವಾಗಿ ಪಕ್ಕಕ್ಕೆ ಇಳಿದಿದ್ದವು.

"ಮೇಷ್ಟ್ರೇ, ನೀವು ಬೀಳೋ ಹಿಂದಿನ ದಿನ ಅಂಗಡೀಲಿ ನಾನು ನಿಮ್ಮ ಕತ್ತು ತಿರುಗಿಸಿದೆ. ಅದರಿಂದಲೇ ಹೀಗಾಯ್ತು ಅಂತ ಕಾಣುತ್ತೆ. ಹೌದು ಅಂತಲೂ ಯಾರೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ. ಅದು ಹೋಗ್ಲಿ."

ದೊಡ್ಡಮ್ಮ ಬಾಗಿಲಲ್ಲೇ ನಿಂತರು.

"ಮೊದಲನೇ ಸಲ ಶಬ್ದ ಬರ್ಲಿಲ್ಲ. ಎಲ್ಲ ನಕ್ಕರು. ನೀವು ಸಾಕು ಬಿಡೋ ಅಂದ್ರಿ. ನನಗೆ ಕೇಳಿಸಿತ್ತು, ಮೇಷ್ಟ್ರೇ. ಚೆನ್ನಾಗಿ ಕೇಳಿಸಿತ್ತು. ಆದರೂ ತಿರುಗಿಸಿದೆ."

ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು. ಅದು ಹೊತ್ತಿಕೊಂಡು ದೂರವಾಯಿತು. ಮೇಷ್ಟ್ರು ತಮ್ಮ ಕೋಲಿನ ಹಿಡಿಯನ್ನು ನೋಡುತ್ತಿದ್ದರು.

"ಅಂದಿದ್ದೆನಾ ನಾನು?" ಎಂದರು ಕೊನೆಗೆ, ಆ ಹರಿದ ದನಿಯಲ್ಲಿ. "ಮರೆತೇಹೋಗಿತ್ತು." ಮತ್ತೆ ಕೆನ್ನೆಯ ನೊರೆಯನ್ನು ಮುಟ್ಟಿ ನೋಡಿಕೊಂಡು, "ಅರ್ಧ ಉಳಿದಿದೆ. ಮುಗಿಸು" ಎಂದರು.

ಅಪ್ಪ ಮುಗಿಸಿದ. ಟೀ ತಟ್ಟೆ ದೊಡ್ಡಮ್ಮನ ಕೈಯಲ್ಲೇ ಇತ್ತು. ಅವರು ಅದನ್ನು ಒಳಗೆ ತೆಗೆದುಕೊಂಡು ಹೋದರು. ಪಾತ್ರೆ ತೊಳೆಯುವ ಕಟ್ಟೆಯಲ್ಲಿ ಟೀ ಚೆಲ್ಲಿದ ಸದ್ದು ನಮಗೆ ಕೇಳಿಸಿತು.

ಮನೆಗೆ ಬರುವಾಗ ಅಪ್ಪ ನನಗಿಂತ ಹಿಂದೆ ನಡೆದ. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಅವನಿಗೆ ಕಷ್ಟವಾಗುತ್ತದೆ ಅನ್ನಿಸಿತು.

ವಾರದ ನಡುವೆ ಸೈಕಲ್ ಶಾಪಿನವನು ಗಡ್ಡಕ್ಕೆ ಕೂತು, "ಇನ್ನೂ ಆ ನರ ಬಿಟ್ಟಿಲ್ವೇನಯ್ಯಾ?" ಎಂದನಂತೆ. ಅಪ್ಪ ಬೆಂಚಿನವರಿಗೆಲ್ಲ ಕೇಳುವ ಹಾಗೆ, "ನರ ಗಿರ ಏನಿಲ್ಲ. ಮೇಷ್ಟ್ರ ಕತ್ತು ಕೆಡಿಸಿದವನು ನಾನು. ಅದಕ್ಕೇ ಬಿಟ್ಟಿದ್ದೀನಿ" ಎಂದನಂತೆ. ಯಾರೂ ತೊಡೆ ತಟ್ಟಲಿಲ್ಲ. ಅವತ್ತು ಚಪ್ಪಾಳೆ ಹೊಡೆದವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಸೈಕಲ್ ಶಾಪಿನವನು ಈಗಲೂ ಬರುತ್ತಾನೆ. ಬೇರೆ ಕೆಲವರು ಬಣ್ಣದ ಬಾಟಲಿಗಳಿರುವ ಕಡೆ ಹೋಗುತ್ತಾರೆ. ಅಮ್ಮ ಅದರ ಬಗ್ಗೆ ಮಾತೆತ್ತುವುದಿಲ್ಲ, ಅಪ್ಪನ ಶರ್ಟಿನ ಬೆನ್ನಿಗೆ ಹತ್ತಿದ ಸುಣ್ಣವನ್ನು ಮಾತ್ರ ಜೋರಾಗಿ ತಿಕ್ಕಿ ಒಗೆಯುತ್ತಾಳೆ.

ಮುಂದಿನ ಭಾನುವಾರ ಅಪ್ಪ ಪೆಟ್ಟಿಗೆ ಹಿಡಿದು ಮೇಷ್ಟ್ರ ಗೇಟಿನ ಹತ್ತಿರ ಬಹಳ ಹೊತ್ತು ನಿಂತ. ನಾನೇ ಚಿಲಕ ತೆಗೆದೆ. ದೊಡ್ಡಮ್ಮ ಬಾಗಿಲು ತೆರೆದು, ನನ್ನನ್ನು ಮಾತ್ರ ನೋಡಿ, ಒಳಗೆ ಹೋದರು. ಮೇಷ್ಟ್ರು ವಾರದ ಗಡ್ಡದಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ಪೇಪರ್ ನನ್ನ ಸ್ಟೂಲಿನ ಮೇಲಿತ್ತು. ಟೀ ಬರಲಿಲ್ಲ.

ಅಪ್ಪ ಬಲಗೆನ್ನೆ ಮುಗಿಸಿದ. ಸುತ್ತಿ ಬಂದು ಎಡಗೆನ್ನೆಗೆ ಕತ್ತಿ ಇಟ್ಟ. ದವಡೆಯವರೆಗೆ ಇಳಿದಿದ್ದ, ಕಳೆದ ವಾರದ ಗಾಯದ ಹತ್ತಿರ.

"ಸಾಕು" ಎಂದರು ಮೇಷ್ಟ್ರು.

ನಾನು ಓದುವುದನ್ನು ನಿಲ್ಲಿಸಿರಲಿಲ್ಲ. ನನ್ನ ದನಿಯೇ ಅವರ ದನಿಗಿಂತ ದೊಡ್ಡದಿತ್ತು. ಆದರೂ ಅಪ್ಪನ ಕೈ ಅಲ್ಲೇ ನಿಂತಿತು, ಕತ್ತಿ ಕೂದಲಿನ ಮೇಲೆ ಇನ್ನೂ ಒರಗಿರುವಾಗಲೇ. ಎಡದವಡೆಯ ಅಂಚಿನಲ್ಲಿ ಒಂದು ಬೆರಳಗಲ ಬಿಳಿ ಗಡ್ಡ ಹಾಗೇ ಉಳಿದಿತ್ತು. ಸುಸ್ತಾಗಿ ಅಂದರೋ, ಬೇಕೆಂದೇ ಅಂದರೋ ನನಗೆ ತಿಳಿಯಲಿಲ್ಲ. ಅಪ್ಪ ಕೇಳಲಿಲ್ಲ. ನೊರೆ ಒರೆಸಿ, ಕತ್ತಿ ತೊಳೆದು ಮಡಚಿ, ಪೆಟ್ಟಿಗೆ ಮುಚ್ಚಿದ.

ಆ ವಾರವೆಲ್ಲ ಮೇಷ್ಟ್ರು ಆ ಬೆರಳಗಲದ ಗಡ್ಡವನ್ನು ಹೊತ್ತು ಕೋಲೂರಿಕೊಂಡು ಬೀದಿಯಲ್ಲಿ ಓಡಾಡಿದರು. ಅಂಗಡಿಯ ಮುಂದೆಯೂ ಹಾದುಹೋದರು. ಕಂಡವರು, "ಏನ್ ನೆಟಿಕೆ, ಕ್ಷೌರ ಅರ್ಧಕ್ಕೇ ಬಿಟ್ಟಿದ್ದೀಯಲ್ಲ, ಕೆಲಸ ಮರೆತೋಯ್ತಾ?" ಎಂದು ಕೇಳಿದರು. ಅಪ್ಪ, "ಹೌದು, ಅಷ್ಟಕ್ಕೇ ನಿಲ್ಲಿಸಿದೆ" ಎಂದು ಹೇಳಿ, ಹೊಟ್ಟೆ ಒಳಗೆಳೆದುಕೊಂಡು, ಕುರ್ಚಿಯ ಆ ಬದಿಗೆ ಸರಿದ.